ಬಿಳಿಗೋಡಿನ ಬೈಚನೂ ವಿಮಾನದ ಒಪ್ಪಂದವೂ

"ನೇರಳಕೋಟೆಯ ಮಹಾರಾಣಿ ಮಾಳಲದೇವಿಯವರ ಅಪ್ಪಣೆ! ಬಿಳಿಗೋಡು ನಾಡಿನ ಯಾವ ವಿಮಾನವೂ ನಮ್ಮ ನಾಡಿನ ಮೇಲೆ ಹಾರಕೂಡದು, ನಮ್ಮ ನೆಲದಲ್ಲಿ ಇಳಿಯಕೂಡದು. ಎರಡು ನಾಡುಗಳ ನಡುವೆ ಮತ್ತೆ ವಿಮಾನ ಓಡಬೇಕೆನ್ನುವವರು ರಾಣಿಯವರ ಮೂರು ಒಗಟು ಬಿಡಿಸಲಿ. ಬಿಡಿಸಿದವನು ಹೇಳಿದಂತೆ ಒಪ್ಪಂದ ಬರೆಯಲಾಗುವುದು. ತಪ್ಪಿದವನ ತಲೆ ಅದೇ ಸಂಜೆ ಹೋಗುವುದು!"

ಈ ಡಂಗುರ ಸಾರಿ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಹನ್ನೊಂದು ತಲೆ ಹೋಗಿದ್ದವು.

ರಾಣಿಯ ಸಿಟ್ಟಿಗೆ ಕಾರಣವಿತ್ತು. ಹಳೆಯ ಒಪ್ಪಂದದ ಅವಧಿ ಮುಗಿದಾಗ ಬಿಳಿಗೋಡಿನ ರಾಜ ಅದನ್ನು ಹೊಸದು ಮಾಡದೆ, ನೇರಳಕೋಟೆಯ ವಿಮಾನಗಳನ್ನು ಇಳಿಸಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದ. ಅದೇ ವಾರ ರಾಣಿಯ ತಮ್ಮ ಬೀರರಸನ ವಿಮಾನ ಬಿರುಗಾಳಿಗೆ ಸಿಕ್ಕಿ ಬಿಳಿಗೋಡಿನ ಬಯಲಿನ ಮೇಲೆ ಬಂತು. ವಿಮಾನ ಇಳಿಯಬೇಕಾದರೆ ಕೆಳಗಿನವರು ಹಗ್ಗ ಎಸೆದು ಎಳೆದುಕೊಳ್ಳಬೇಕು. ಯಾರೂ ಎಸೆಯಲಿಲ್ಲ. ವಿಮಾನ ಬಂಡೆಗೆ ಬಡಿದು ಚೂರಾಯಿತು.

ಆಮೇಲೆ ಬಿಳಿಗೋಡಿಗೆ ಕೆಂಜ್ವರ ಬಂತು. ಅದಕ್ಕೆ ಮದ್ದೆಂದರೆ ನೇರಳಕೋಟೆಯ ಕಾಡಿನ ಕಹಿತೊಗಟೆ ಒಂದೇ. ವಿಮಾನದಲ್ಲಾದರೆ ಅರ್ಧ ದಿನದ ದಾರಿ; ಕಾಲ್ನಡಿಗೆಯಲ್ಲಿ ಹಿಮದ ಕಣಿವೆ ಹತ್ತಿಳಿದು ಆರು ದಿನ. ಊರಿಗೆಲ್ಲ ಸಾಲುವಷ್ಟು ತೊಗಟೆಯನ್ನು ಯಾರು ಹೊತ್ತು ತಂದಾರು?

ಬೈಚ ವಿಮಾನ ಇಳಿಯುವ ಬಯಲಿನಲ್ಲಿ ಹಗ್ಗ ಎಳೆಯುವ ಕೂಲಿಯವನು. ಇಪ್ಪತ್ತೆರಡು ವರ್ಷ. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನವೇ ಮಗಳು ಸಂಕವ್ವನ ಮೈ ಸುಡತೊಡಗಿತು. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, "ನಾನು ಬರುವವರೆಗೆ ನೀರು ಕುಡಿಸ್ತಾ ಇರವ್ವಾ" ಎಂದವನೇ ಕಣಿವೆಯ ದಾರಿ ಹಿಡಿದ.

ಏಳನೆಯ ದಿನ ಬೆಳಿಗ್ಗೆ ಅವನು ರಾಣಿಯ ಸಭೆಯಲ್ಲಿ ನಿಂತಿದ್ದ. ಕಾಲ್ಬೆರಳುಗಳು ಹಿಮಕ್ಕೆ ಕಪ್ಪಿಟ್ಟಿದ್ದವು. ಪಕ್ಕದಲ್ಲಿ ಬಿಳಿಗೋಡಿನವರೇ ಇನ್ನಿಬ್ಬರು: ಆಸ್ಥಾನ ಪಂಡಿತ ತ್ರಿವಿಕ್ರಮ, ದಳಪತಿಯ ಮಗ ನಾಗರಸ.

ರಾಣಿ ಕೇಳಿದಳು: "ನನ್ನ ಮನೆಯ ಬಾಗಿಲು ಹಾಕಿದೆ. ಒಬ್ಬ ನನ್ನ ಗೋಡೆ ಮುಟ್ಟದೆ, ನೆಲ ಮೆಟ್ಟದೆ ಮನೆ ದಾಟಿ ಹೋಗುತ್ತಾನೆ. ಆದರೂ ಅವನು ನನ್ನನ್ನು ಒಂದು ವಸ್ತು ಕೇಳಬೇಕು. ಕೊಟ್ಟರೂ ನನ್ನಲ್ಲಿ ಅದು ಕಡಿಮೆಯಾಗುವುದಿಲ್ಲ. ಏನದು?"

"ನೆರಳು!" ಎಂದ ಪಂಡಿತ.

"ನೆರಳು ಕೊಡುವುದು ಸೂರ್ಯ, ನಾನಲ್ಲ." ಭಟರು ಪಂಡಿತನನ್ನು ಎಳೆದೊಯ್ದರು. ಅವನ ಕೂಗು ಓಣಿಯುದ್ದಕ್ಕೂ ಕೇಳಿಸುತ್ತಿತ್ತು.

ಬೈಚ ಒಂದು ಹೆಜ್ಜೆ ಮುಂದೆ ಬಂದ. "ದಾರಿ, ತಾಯಿ" ಎಂದ. "ಇಳಿಯದೆ ಮೇಲಿಂದ ಹಾದು ಹೋಗುವ ವಿಮಾನಕ್ಕೂ ಕೆಳಗಿನ ನಾಡಿನ ಒಪ್ಪಿಗೆ ಬೇಕು. ಸಾವಿರ ವಿಮಾನ ಹೋದರೂ ದಾರಿ ಸವೆಯೋದಿಲ್ಲ."

ರಾಣಿ ತಲೆಯಾಡಿಸಿದಳು. ಎರಡನೆಯದನ್ನು ಕೇಳುವಾಗ ಅವಳ ದನಿ ತಗ್ಗಿತು. "ಒಬ್ಬ ನನ್ನ ಅಂಗಳಕ್ಕೆ ಬರುತ್ತಾನೆ. ಯಾರನ್ನೂ ಇಳಿಸುವುದಿಲ್ಲ, ಹತ್ತಿಸುವುದಿಲ್ಲ. ಏನನ್ನೂ ಮಾರುವುದಿಲ್ಲ, ಕೊಳ್ಳುವುದಿಲ್ಲ. ಬಂದ ಹಾಗೇ ಹೋಗುತ್ತಾನೆ. ಅವನನ್ನು ಬರಗೊಡದಿದ್ದರೆ ನಾನು ಕೊಲೆಗಾರ್ತಿ. ಯಾರವನು?"

"ಬೇಹುಗಾರ!" ನಾಗರಸ ಮುನ್ನುಗ್ಗಿ ಹೇಳಿದ.

ರಾಣಿಯ ಮುಖ ಬಿಳಿಚಿತು. "ನಿಮ್ಮ ರಾಜನೂ ಹಾಗೇ ಅಂದುಕೊಂಡ" ಎಂದಳು. ನಾಗರಸನನ್ನೂ ಎಳೆದೊಯ್ದರು.

ಉತ್ತರ ಬೈಚನಿಗೆ ಗೊತ್ತಿತ್ತು. ಆ ದಿನ ಬಯಲಿನಲ್ಲಿ ಹಗ್ಗ ಹಿಡಿದು ನಿಂತವನು ಅವನೇ. ಬಾಯಿ ಬಿಟ್ಟರೆ ಅದನ್ನೂ ಹೇಳದೆ ಇರಲಾರ. ಹೇಳಿದರೆ ತಲೆ ಹೋಗುತ್ತದೆ. ಮಗಳಿಗೆ ಜ್ವರ ಬಂದು ಇಂದಿಗೆ ಏಳು ದಿನ.

"ಕಷ್ಟಕ್ಕೆ ಸಿಕ್ಕ ವಿಮಾನ, ತಾಯಿ" ಎಂದ. "ರೆಕ್ಕೆ ಹರಿದಿರುತ್ತೆ, ಎಣ್ಣೆ ಮುಗಿದಿರುತ್ತೆ. ಸರಿಮಾಡಿಕೊಂಡು ಹೋಗೋದಕ್ಕೆ ಒಂದಿಷ್ಟು ಜಾಗ ಕೇಳುತ್ತೆ. ನಿಮ್ಮ ತಮ್ಮನವರೂ ಅಷ್ಟೇ ಕೇಳಿದ್ದು. ಮೇಲಿಂದ ಕೈ ಬೀಸಿದರು. ಹಗ್ಗ ನನ್ನ ಕೈಯಲ್ಲೇ ಇತ್ತು. ಅಪ್ಪಣೆಗೆ ಹೆದರಿ ಎಸೆಯಲಿಲ್ಲ."

ಭಟರು ಕತ್ತಿ ಹಿರಿದರು. ರಾಣಿ ಎದ್ದು ಬಂದು ಅವನೆದುರು ನಿಂತಳು.

"ಅವನು ಏನಾದರೂ ಅಂದನೇ?"

"ಬಿರುಗಾಳಿ ತಾಯಿ, ಕೇಳಿಸಲಿಲ್ಲ."

ಅವಳು ಕತ್ತಿ ಇಳಿಸುವಂತೆ ಭಟರಿಗೆ ಸನ್ನೆ ಮಾಡಿದಳು. ಆಮೇಲೆ ನಿಂತಲ್ಲೇ ಕೇಳಿದಳು: "ಒಂದು ವಸ್ತು ನನ್ನಲ್ಲಿದೆ, ನಿನ್ನಲ್ಲೂ ಇದೆ. ನನ್ನದನ್ನು ನಾನೇ ಇಟ್ಟುಕೊಂಡರೆ ಅದು ನನ್ನನ್ನೇ ಮುಚ್ಚುತ್ತದೆ. ನಿನ್ನದನ್ನು ನನಗೆ ಕೊಟ್ಟು, ನನ್ನದನ್ನು ನೀನು ತೆಗೆದುಕೊಂಡರೆ ಇಬ್ಬರಿಗೂ ಎರಡೆರಡಾಗುತ್ತದೆ. ಏನದು?"

ಬೈಚನಿಗೆ ತಲೆಯೊಳಗೆ ಏನೂ ಹೊಳೆಯಲಿಲ್ಲ. ಪ್ರೀತಿಯೇ? ಮಾತೇ? ಮುಚ್ಚುತ್ತದೆ ಎಂದಳಲ್ಲ. ಹಾಸಿಗೆಯಲ್ಲಿ ಮಲಗಿದ ಸಂಕವ್ವ, ಅವಳ ಮೇಲೆ ಮಾಡು, ಅದರ ಮೇಲೆ ಎರಡು ತಿಂಗಳಿಂದ ಒಂದು ವಿಮಾನವೂ ಸುಳಿಯದ...

"ಆಕಾಶ!" ಎಂದು ಕಿರುಚಿದ. "ಒಬ್ಬರ ಆಕಾಶ ಬರೀ ಮುಚ್ಚಳ, ತಾಯಿ. ನಿಮ್ಮ ವಿಮಾನ ನಮ್ಮಲ್ಲಿಗೆ, ನಮ್ಮದು ನಿಮ್ಮಲ್ಲಿಗೆ, ಎರಡೂ ಕಡೆ ಒಂದೇ ಲೆಕ್ಕದಲ್ಲಿ ಬಂದು ಹೋದರೇನೇ ಅದು ಆಕಾಶ."

"ಸರಿ" ಎಂದಳು ರಾಣಿ. "ಒಪ್ಪಂದದಲ್ಲಿ ಏನು ಬರೆಯಲಿ?"

"ಕಷ್ಟದಲ್ಲಿರುವ ವಿಮಾನವನ್ನು ಒಪ್ಪಂದ ಇರಲಿ ಬಿಡಲಿ ಇಳಿಸಬೇಕು. ಇದು ಮೊದಲನೆಯ ಸಾಲು. ಉಳಿದದ್ದನ್ನು ತಿಳಿದವರು ಬರೆಯಲಿ. ಆ ಇಬ್ಬರನ್ನೂ ಬಿಟ್ಟುಬಿಡಿ. ತೊಗಟೆ ಈಗಲೇ ಕಳಿಸಿ. ತಲೆ ಬೇಕಿದ್ದರೆ ನಾನು ಇಲ್ಲೇ ಇರ್ತೀನಿ."

"ನಿನ್ನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ" ಎಂದಳು ರಾಣಿ. "ಉತ್ತರ ಸರಿಯಿದೆ, ಅಷ್ಟೇ. ಹೋಗು, ವಿಮಾನ ಹತ್ತು."

ಸೂರ್ಯ ನೆತ್ತಿಗೇರುವ ಮೊದಲೇ ತೊಗಟೆ ತುಂಬಿದ ಮೂರು ವಿಮಾನಗಳು ಹೊರಟವು. ಪಂಡಿತನೂ ನಾಗರಸನೂ ಬೈಚನ ಜೊತೆಗಿದ್ದರು. ರಾಣಿಯ ಮುದ್ರೆಯಿದ್ದ ಒಪ್ಪಂದಕ್ಕೆ ಬಿಳಿಗೋಡಿನ ರಾಜನೂ ತನ್ನ ಮುದ್ರೆಯೊತ್ತಿದ; ಅವನ ಮಂತ್ರಿಗಳ ಮನೆಗಳಲ್ಲೂ ಜ್ವರವಿತ್ತು. ಬೈಚನನ್ನು ಬಯಲಿನ ಅಧಿಕಾರಿಯನ್ನಾಗಿ ಮಾಡಿದ.

ಬೈಚ ಬಂದಿಳಿದಾಗ ಅವನ ಕೇರಿಯಲ್ಲಿ ಒಂಬತ್ತು ಮನೆಗಳ ಬಾಗಿಲು ಮುಚ್ಚಿಹೋಗಿದ್ದವು. ಅತ್ತೆ ಜಗುಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕಷಾಯ ಕುಡಿಸಿದ ಮೂರನೆಯ ದಿನ ಸಂಕವ್ವ ಕಣ್ಣು ಬಿಟ್ಟು, ಅಪ್ಪ ಹಿಡಿದ ಗಂಜಿಯ ಬಟ್ಟಲನ್ನು ಕೈಯಿಂದ ನೂಕಿ, "ಇದು ಬ್ಯಾಡ, ರೊಟ್ಟಿ ಕೊಡು" ಎಂದಳು.