ಸೊಕ್ಕಿನ ಕಿವಿ, ವಿನಯದ ಕಿವಿ

ಕೆಂಚನಾಯಕ ಎಂಬ ಪಾಳೆಯಗಾರನಿದ್ದ. ಪಾಳೆಯಪಟ್ಟು ಅಂಗೈಯಗಲ, ದರ್ಬಾರು ಮಾತ್ರ ಆಕಾಶದಗಲ. ಅಲ್ಲಿ ಯಾರೂ ತಲೆಯೆತ್ತುವಂತಿಲ್ಲ. ನಾಯಕ ಏನಂದರೂ ಸೊಂಟ ಬಗ್ಗಿಸಿ "ಅಪ್ಪಣೆ, ಮಹಾಪ್ರಭು!" ಅನ್ನಬೇಕು.

ಒಮ್ಮೆ ಯಾರೋ ದೊರೆ ಟೆರಿಯರ್ ಎಂಬ ಎರಡು ಸೀಮೆನಾಯಿಗಳನ್ನು ಕಾಣಿಕೆ ಕೊಟ್ಟ. ಎರಡೂ ಮೊಣಕಾಲೆತ್ತರ ಇಲ್ಲ. ಅದೇ ಗಿಡ್ಡ ಕಾಲು, ಅದೇ ಒರಟು ಕೆಂಗೂದಲು. ಆದರೆ ಒಂದರ ಕಿವಿ ನೆಟ್ಟಗೆ ನಿಂತಿತ್ತು, ಇನ್ನೊಂದರದು ಮಡಚಿ ಬಿದ್ದಿತ್ತು.

ನಾಯಕ ಮೀಸೆ ತಿರುವಿದ. "ನೋಡಿದ ಕೂಡಲೇ ಗುಣ ಹೇಳಬಲ್ಲೆ ನಾನು! ಕಿವಿ ಬಾಗಿದ್ದು ವಿನಯವಂತ. ಎತ್ತಿದ್ದು ಸೊಕ್ಕಿನದು. ಸೋಮವಾರದೊಳಗೆ ಅದರ ಕಿವಿ ಬಾಗಬೇಕು, ಇಲ್ಲದಿದ್ದರೆ ಕತ್ತರಿಸಿ!"

"ಅಪ್ಪಣೆ, ಮಹಾಪ್ರಭು!" ಎಂದಿತು ದರ್ಬಾರು.

ನಾಯಿ ಸಾಕುವ ಹೊನ್ನೂರಪ್ಪನಿಗೆ ಅನ್ನ ಇಳಿಯಲಿಲ್ಲ. ಅರಮನೆಯ ಜಾಣ ಭರಮಣ್ಣನ ಮನೆಗೆ ಓಡಿದ.

"ಬೆಣ್ಣೆ ಹಚ್ಚಿದೆ, ಬಟ್ಟೆ ಕಟ್ಟಿದೆ, ಬಗ್ಗಲೊಲ್ಲದು ಭರಮಣ್ಣ! ಅದು ಸೊಕ್ಕಲ್ಲ, ತಳಿ. ಆ ತಳಿಗೆ ಕಿವಿ ನಿಲ್ತದೆ, ಈ ತಳಿಗೆ ಬೀಳ್ತದೆ. ಮೂಗಿಲ್ಲದ ಕೂಸಿಗೆ ಮೂಗುತಿ ತಾ ಅಂದಂಗಾತು."

"ಗುಣದಲ್ಲಿ ವ್ಯತ್ಯಾಸ?"

"ಎರಡೂ ಮೊಂಡು. ಎತ್ತಿನಷ್ಟು ದೊಡ್ಡ ನಾಯಿ ಬಂದರೂ ಎದುರು ನಿಲ್ತಾವೆ. ನಿಂತ ಕಿವಿಯದು ಮನುಷ್ಯರ ಮಾತಿಗೆ ಮುಖ ಕೊಟ್ಟು ಕೂರ್ತದೆ. ಬಿದ್ದ ಕಿವಿಯದಕ್ಕೆ ಹೆಗ್ಗಣದ ವಾಸನೆ ಸಿಕ್ಕರೆ ಸಾಕು, ಊರೇ ಅಗೀತದೆ."

ಭರಮಣ್ಣ ನಕ್ಕ. "ಅಳಬೇಡ. ಎರಡನ್ನೂ ಕರಕೊಂಡು ಬಾ."

ಸೋಮವಾರ ಭರಮಣ್ಣ ಸೆಖೆಯ ನೆಪ ಹೇಳಿ ದರ್ಬಾರನ್ನು ಹುಣಸೆ ಮರದ ಕೆಳಗಿನ ಮಣ್ಣುಕಟ್ಟೆಗೆ ತಂದ. ಆ ಕಟ್ಟೆಯೊಳಗೆ ಹೆಗ್ಗಣಗಳ ಸಂಸಾರ ಇದ್ದದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಟ್ಟೆಯ ಮೇಲೆ ಗದ್ದುಗೆ, ಸುತ್ತ ಜಮಖಾನ.

ಕತ್ತರಿ ಬಂತು. ಹೊನ್ನೂರಪ್ಪ ನಿಂತ ಕಿವಿಯ ನಾಯಿಯನ್ನು ಹತ್ತಿರಕ್ಕೆ ಎಳಕೊಂಡ.

"ಮಹಾಪ್ರಭು," ಎಂದ ಭರಮಣ್ಣ, "ಮೊದಲು ಒಂದು ಮಾತು ಮೆಲ್ಲಗೆ ಹೇಳಿ. ಯಾರು ಕೇಳಿಸಿಕೊಳ್ಳುತ್ತಾರೋ ನೋಡೋಣ."

ನಾಯಕ ಪಿಸುಗುಟ್ಟಿದ: "ನಾಳೆ ನಿಮ್ಮೆಲ್ಲರ ಮೀಸೆ ಬೋಳಿಸುತ್ತೇನೆ."

"ಅಪ್ಪಣೆ, ಮಹಾಪ್ರಭು!" ಎಂದು ನೂರು ತಲೆ ಬಾಗಿದವು.

ನಿಂತ ಕಿವಿಯ ನಾಯಿ ಮಾತ್ರ ಕತ್ತು ಓರೆ ಮಾಡಿ, ನಾಯಕನ ಮುಖ ನೋಡಿ "ಬೌ?" ಎಂದಿತು.

"ಕೇಳಿದಿರಾ? ಯಾಕೆ ಅಂತ ಕೇಳಿದ್ದು ಇದೊಂದೇ," ಎಂದ ಭರಮಣ್ಣ.

ನಾಯಕನಿಗೆ ಮುಜುಗರವಾಯಿತು, ಸೋಲಲು ಮನಸ್ಸಿಲ್ಲ. "ಇರಬಹುದು. ಆದರೂ ನನ್ನ ವಿನಯವಂತನಿಗೆ ಇದು ಸಾಟಿಯಲ್ಲ. ಎಲ್ಲಿ ಅವನು?"

ಅಷ್ಟರಲ್ಲಿ ಗದ್ದುಗೆ ಗಡಗಡ ಅಲುಗಿತು. ಕಟ್ಟೆಯ ಒಂದು ಮೂಲೆ ದಡಕ್ಕನೆ ಕುಸಿಯಿತು. ನಾಯಕ ಉರುಳಿ ದಳವಾಯಿಯ ಮಡಿಲಿಗೆ ಬಿದ್ದ. ಜಮಖಾನದಡಿಯಿಂದ ವಿನಯವಂತ ಹೊರಬಂದ. ಮೈತುಂಬ ಮಣ್ಣು, ಬಾಯಲ್ಲಿ ಹೆಗ್ಗಣ, ಕಿವಿ ಎಂದಿನಂತೆ ಬಾಗಿಯೇ ಇತ್ತು.

"ಇದೇನಯ್ಯಾ!" ಎಂದು ನಾಯಕ ಚೀರಿದ.

ಭರಮಣ್ಣ ಕೈಮುಗಿದ. "ನಾಯಿಯ ತಪ್ಪಿಲ್ಲ, ಮಹಾಪ್ರಭು. ಬಾಗುವುದೆಲ್ಲ ನಮಸ್ಕಾರಕ್ಕೇ ಅಲ್ಲ. ಗದ್ದುಗೆಯ ಕೆಳಗೆ ಗುಂಡಿ ತೋಡುವುದಕ್ಕೂ ಬಾಗಲೇಬೇಕು!"

ನಾಯಕ ಮಣ್ಣು ಕೊಡವಿಕೊಳ್ಳುತ್ತ ಸುತ್ತ ನೋಡಿದ. ನೂರು ತಲೆಗಳೂ ಇನ್ನೂ ಬಾಗಿಯೇ ಇದ್ದವು. ಹೊಟ್ಟೆ ಹಿಡಿದು ನಕ್ಕ. ಕೈಯ ಬಂಗಾರದ ಕಡಗ ಕಳಚಿ ಹೊನ್ನೂರಪ್ಪನಿಗೆ ತೊಡಿಸಿ, ಕತ್ತರಿಯನ್ನು ದೂರ ಎಸೆದು ಕೂಗಿದ:

"ಏಳ್ರಯ್ಯಾ, ಎಲ್ಲರೂ ನೆಟ್ಟಗೆ ನಿಲ್ಲಿ! ಮೊದಲು ನಿಮ್ಮ ಕೈಯಲ್ಲಿ ಗುದ್ದಲಿ ಇದೆಯಾ ನೋಡಬೇಕು!"