ನೋಡಿ ಹೋಗುವವರ ಗೂಡು

ಮಕ್ಕಳೇ, ಕಾಡಿನ ನಡುವೆ ಒಂದು ಕೊಳ, ಕೊಳದ ಮೇಲೆ ಬಾಗಿದ ಒಂದು ಜಾಲಿ ಮರ. ಆ ಮರದಲ್ಲಿ ಹಳದಪ್ಪ ಎಂಬ ಗಂಡು ಗೀಜಗ ಮೂರು ಮಳೆಗಾಲದಿಂದ ಗೂಡು ನೇಯುತ್ತಿದ್ದ. ಗೀಜಗಗಳ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಗಂಡು ಅರ್ಧ ಗೂಡು ನೇಯ್ದು ಹೆಣ್ಣನ್ನು ಕರೆಯುತ್ತದೆ. ಅವಳು ಒಳಹೊಕ್ಕು ಎಳೆದು ಜಗ್ಗಿ ನೋಡುತ್ತಾಳೆ. ಒಪ್ಪಿದರೆ ಸಂಸಾರ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಹುಲ್ಲು ಸೀಳಬೇಕು.

ಹಳದಪ್ಪನ ಗೂಡನ್ನು ಯಾರೂ ಬೇಡವೆಂದಿರಲಿಲ್ಲ. ಯಾರೂ ನೋಡಿಯೇ ಇರಲಿಲ್ಲ. ಒಂದೇ ಮರದಲ್ಲಿ ಒಂದೇ ತರಹದ ಇಪ್ಪತ್ತು ಗೂಡುಗಳು, ಇವನದು ಎಲೆಯ ಮರೆಯಲ್ಲಿ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಈ ಸಲವೂ ತಪ್ಪಿದರೆ ಇನ್ನೊಂದು ಗೂಡು ನೇಯುವ ಶಕ್ತಿ ತನಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಪಕ್ಕದ ಕೊಂಬೆಯ ಗೊರವಂಕನಿಗೆ ಸಲಹೆ ಕೊಡುವುದೇ ಕೆಲಸ. ಒಳ್ಳೆಯ ಗೂಡು ಎಲ್ಲರ ಹತ್ತಿರವೂ ಇದೆ, ನಾಲ್ಕು ಜನ ನಿಂತು ನೋಡುವಂಥದ್ದು ಯಾರ ಹತ್ತಿರ ಇದೆ ಎಂದು ಕೇಳಿದ. ಮಾತೇನೋ ಸುಳ್ಳಲ್ಲ.

"ಒಳಗೆ ಮೆತ್ತೋ ಮಣ್ಣನ್ನ ಹೊರಗೆ ಮೆತ್ತು ಮಾರಾಯ," ಎಂದ. "ಅದರ ಮೇಲೆ ಗುಲಗಂಜಿ ಅಂಟಿಸು. ಒಳಗಿರೋದು ಯಾರಿಗೆ ಕಾಣುತ್ತೆ?"

ಗಾಳಿಗೆ ಗೂಡು ಹೊಯ್ದಾಡದಿರಲೆಂದೇ ಗೀಜಗಗಳು ಒಳಗೋಡೆಗೆ ಹಸಿಮಣ್ಣು ಮೆತ್ತುವುದು. ಅದು ಹಳದಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ದಣಿದವನಿಗೆ ಎರಡೂ ಕಡೆ ಮೆತ್ತುವ ತಾಳ್ಮೆ ಉಳಿದಿರಲಿಲ್ಲ, ಅಷ್ಟೇ. ಹೊರಗೆಲ್ಲ ಗುಲಗಂಜಿ ಅಂಟಿಸಿದ, ಬಾಗಿಲಿಗೆ ಹಾವಿನ ಪೊರೆಯ ತೋರಣ ಕಟ್ಟಿದ.

ಮಾರನೆಯ ದಿನವೇ ಗುಂಪು ಸೇರಿತು. ಮೊಲ ಬಂತು, ಮುಂಗುಸಿ ಬಂತು, ಆಚೆ ದಡದ ಕೊಕ್ಕರೆಗಳೂ ಬಂದವು. ಕೊನೆಗೆ ನವಣೆ ಎಂಬ ಹೆಣ್ಣು ಗೀಜಗ ಬಂದಳು. ಹಳದಪ್ಪ ರೆಕ್ಕೆ ಬಡಿದು ಅವಳನ್ನು ಕರೆದ. ಅವಳು ಗುಲಗಂಜಿ ಮೆಚ್ಚಿ ಒಳಗೆ ಕಾಲಿಟ್ಟಳು. ಅಷ್ಟರಲ್ಲಿ ಗಾಳಿ ಬೀಸಿತು. ಗೂಡು ತಲೆಕೆಳಗಾಗುವಷ್ಟು ಹೊಯ್ದಾಡಿತು. ನವಣೆ ಗೋಡೆಗೆ ಉಗುರೂರಿ ಹೇಗೋ ಹೊರಬಂದಳು.

"ಹತ್ತು ಗೂಡು ಬಿಟ್ಟು ನಿನ್ನದಕ್ಕೇ ಬಂದೆ," ಎಂದಳು. ಅವಳಿಗೂ ಬೇಸರವಾಗಿತ್ತು. "ಆದರೆ ನಾನು ಇದರಲ್ಲಿ ಮೊಟ್ಟೆ ಇಡಬೇಕಲ್ಲ?"

ಒಂದೇ ದಿನ ಕೊಡು, ಒಳಗೂ ಮಣ್ಣು ಮೆತ್ತುತ್ತೇನೆ ಎಂದು ಹಳದಪ್ಪ ಬೇಡಿಕೊಂಡ. ಮೋಡ ಕವಿಯುತ್ತಿತ್ತು, ಕಾಯಲು ಅವಳಿಗೆ ಪುರುಸೊತ್ತಿರಲಿಲ್ಲ. ಪಕ್ಕದ ಸಾದಾ ಗೂಡಿಗೆ ಹೋದಳು. ಪಾಪ, ನನಗಂತೂ ಅವನ ಮೇಲೆ ಸಿಟ್ಟು ಬರುವುದಿಲ್ಲ.

ಮಳೆ ಹಿಡಿಯಿತು. ಸುತ್ತಲಿನ ಗೂಡುಗಳಲ್ಲಿ ಮರಿಗಳು ಚಿಲಿಪಿಲಿ ಎನ್ನತೊಡಗಿದವು. ಗೊರವಂಕ ಬೇರೆ ಯಾರಿಗೋ ಸಲಹೆ ಕೊಡಲು ಬೇರೆ ಮರಕ್ಕೆ ಹೋಗಿದ್ದ. ನೋಡುವವರು ಮಾತ್ರ ಬರುತ್ತಲೇ ಇದ್ದರು. ಒಂದು ದಿನ ಮುದಿ ಆಮೆಯೊಂದು ನೀರಿನಿಂದ ಕತ್ತೆತ್ತಿ, ಇಷ್ಟು ಚಂದದ ಮನೆಯಲ್ಲಿ ಯಾರಿದ್ದಾರಪ್ಪಾ ಎಂದು ವಿಚಾರಿಸಿತು.

"ಯಾರೂ ಇಲ್ಲ ಅಜ್ಜಾ," ಎಂದ ಹಳದಪ್ಪ. "ಎಲ್ಲರೂ ನೋಡ್ಕೊಂಡು ಹೋಗ್ತಾರೆ."

ನೀತಿ: ನಾಲ್ವರ ಕಣ್ಣಿಗೆ ಬೀಳುವಂತೆ ಮಾಡುವುದು ತಪ್ಪಲ್ಲ; ಆದರೆ ಬಂದವರು ಉಳಿಯುವಂಥದ್ದನ್ನು ಮೊದಲು ಮಾಡಿಡಬೇಕು.