ರಾಯರ ನಾಯಿ, ದೇವರ ಹೂವು

ಬೆಳಗಾದರೆ ಪಾರ್ಕಿನ ಮಾಲಿ ನಿಂಗಮ್ಮನಿಗೆ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಮಕ್ಕಳು ಆಟಕ್ಕೆ ಬರುವಷ್ಟರಲ್ಲಿ ಶೇಷಗಿರಿರಾಯರ ನಾಯಿ ಜಾರುಬಂಡೆಯ ಮರಳನ್ನು ಹೊಲಸು ಮಾಡಿರುತ್ತಿತ್ತು. ಕೇಳಿದರೆ ರಾಯರು, "ಜಾತಿ ನಾಯಿ ಕಣಮ್ಮ. ಅದು ಹಾಕೋದೆಲ್ಲ ಗೊಬ್ಬರ. ಎತ್ತೋದು ನಿನ್ನ ಕೆಲಸ" ಎಂದು ಪೂಜೆಗೆ ಪಾರ್ಕಿನದೇ ದಾಸವಾಳ ಕೀಳಲು ಹೋಗುತ್ತಿದ್ದರು.

ನಿಂಗಮ್ಮ ಒಂದು ವಾರ ದಿನಾ ಎತ್ತಿದಳು. ಎಂಟನೆಯ ದಿನ ರಾಯರು ಹೂಬುಟ್ಟಿ ಹಿಡಿದು ಬೆರಗಾದರು.

"ಏನಮ್ಮ, ಹೂ ಇಷ್ಟು ದಪ್ಪ ಬಿಟ್ಟಿದೆ?"

"ನೀವೇ ಗೊಬ್ಬರ ಅಂದ್ರಲ್ಲ ಸ್ವಾಮಿ. ದಿನಾ ತಂದು ಈ ಗಿಡದ ಬುಡಕ್ಕೇ ಹಾಕ್ತಿದೀನಿ."

ರಾಯರು ಬುಟ್ಟಿ ನೋಡಿದರು. ಬುಡ ನೋಡಿದರು. ವಾರವಿಡೀ ದೇವರ ತಲೆಗೆ ಏರಿಸಿದ್ದೆಲ್ಲ ನೆನಪಾಗಿ ಬೆವರಿದರು.

ಮರುದಿನ ನಾಯಿಯ ಹಿಂದೆ ರಾಯರೇ ಕಸದ ಮೊರ ಹಿಡಿದು ಬಂದರು.

ಆ ಬುಡಕ್ಕೆ ಹಾಕಿದ್ದು ಬರೀ ಸಗಣಿ ಎಂದು ನಿಂಗಮ್ಮ ಇವತ್ತಿಗೂ ಬಾಯಿಬಿಟ್ಟಿಲ್ಲ. ಅವಳಿಗೂ ದೇವರ ಭಯವಿದೆ.